ಜೇನುಹುಳುವಿನ ವೇಷದ ನೊಣ

ಪ್ರಶ್ನೆ: ಇಂಗ್ಲೆಂಡಿನಲ್ಲಿರುವ ಮಗಳ ಮನೆಯ ಹಿತ್ತಲಲ್ಲಿ ಏಪ್ರಿಲ್ ತಿಂಗಳಲ್ಲಿ ಕಂದು ರೋಮದ, ಸೂಜಿಯಂತಹ ಉದ್ದ ಮೂತಿಯ ಜೇನುಹುಳುವೊಂದು ಹೂವಿನೆದುರು ಗಾಳಿಯಲ್ಲೇ ನಿಂತಿದ್ದನ್ನು ಕಂಡೆ. ಅದು ಕುಟುಕುತ್ತದೆಯೇ?

ಉತ್ತರ: ನೀವು ಕಂಡದ್ದು ಜೇನುಹುಳುವಲ್ಲ, ಬಹುಮಟ್ಟಿಗೆ ಬಾಂಬಿಲಿಯಸ್ ಮೇಜರ್ ಎಂಬ ನೊಣ. ಜೇನುಹುಳುವಿಗೆ ನಾಲ್ಕು ರೆಕ್ಕೆಗಳಿದ್ದರೆ ಇದಕ್ಕೆ ಎರಡೇ; ಅವುಗಳ ಮುಂದಿನ ಅಂಚು ಕಡುಕಂದು. ಆ ಮೂತಿ ಇರುವುದು ಮಕರಂದ ಹೀರಲು. ಕುಟುಕುವ ಮುಳ್ಳೇ ಇಲ್ಲದ್ದರಿಂದ ಧೈರ್ಯವಾಗಿ ಹತ್ತಿರದಿಂದ ನೋಡಬಹುದು.

ಆದರೆ ನೆಲದಲ್ಲಿ ಬಿಲ ತೋಡಿ ಒಂಟಿಯಾಗಿ ಗೂಡು ಮಾಡುವ ಜೇನುಗಳಿಗೆ ಇದು ಪರಾವಲಂಬಿ. ಹೆಣ್ಣು ನೊಣವು ಹೊಟ್ಟೆಯ ತುದಿಯನ್ನು ನೆಲಕ್ಕೆ ಒತ್ತಿ, ಅಲ್ಲಿರುವ ಪುಟ್ಟ ಕುಳಿಯಲ್ಲಿ ಮರಳು, ದೂಳನ್ನು ತುಂಬಿಕೊಂಡು, ಅದನ್ನು ಮೊಟ್ಟೆಗಳಿಗೆ ಮೆತ್ತಿ, ಬಿಲದ ಬಾಯಿಯ ಮೇಲೆ ಹಾರಾಡುತ್ತಲೇ ಒಂದೊಂದಾಗಿ ಒಳಕ್ಕೆ ಚಿಮ್ಮಿಸುತ್ತದೆ. ಮೊಟ್ಟೆಯೊಡೆದು ಬಂದ ಮರಿಹುಳು ಗೂಡನ್ನು ಸೇರಿ, ಜೇನಿನ ಮರಿ ಬಲಿಯುವವರೆಗೆ ಕಾದು, ಬಳಿಕ ಅದರ ದೇಹದ್ರವವನ್ನು ಹೀರಿ ಬೆಳೆಯುತ್ತದೆ. ಇಷ್ಟಕ್ಕಾಗಿ ಇದನ್ನು ಕೊಲ್ಲುವುದು ಸರ್ವಥಾ ಸಲ್ಲದು: ವಸಂತದ ಆರಂಭದ ಹೂಗಳ ಪರಾಗಸ್ಪರ್ಶದಲ್ಲಿ ಇದಕ್ಕೂ ಪಾಲಿದೆ. ಇದೇ ಕುಟುಂಬದ ಬೇರೆ ನೊಣಗಳು ಕರ್ನಾಟಕದಲ್ಲಿಯೂ ಇವೆ.