ಅಥೆನ್ಸಿನಲ್ಲಿ ಚೀಟಿ ಎತ್ತಿ ಅಧಿಕಾರಿಗಳನ್ನು ಆರಿಸುತ್ತಿದ್ದರೆ? ಹಾಗಿದ್ದರೆ ಅದೆಂಥ ಪ್ರಜಾಪ್ರಭುತ್ವ?

ನೀವು ಕೇಳಿದ್ದು ಇಷ್ಟು: ಪ್ರಾಚೀನ ಅಥೆನ್ಸಿನಲ್ಲಿ ಚುನಾವಣೆಯ ಬದಲು ಚೀಟಿ ಎತ್ತಿ ಅಧಿಕಾರಿಗಳನ್ನು ನೇಮಿಸುತ್ತಿದ್ದರಂತೆ, ಅದು ನಿಜವೇ? ನಿಜವಾದರೆ ಪಠ್ಯಪುಸ್ತಕಗಳು ಆ ಊರನ್ನು ಪ್ರಜಾಪ್ರಭುತ್ವದ ತವರು ಎಂದು ಯಾಕೆ ಹೊಗಳುತ್ತವೆ?

ನಿಜವೇ. ಚೀಟಿ ಎನ್ನುವುದಕ್ಕಿಂತ ಕಾಳು ಎನ್ನಬೇಕು. ಬಿಳಿ ಕಾಳು, ಕಪ್ಪು ಕಾಳು ಎತ್ತಿ ತೀರ್ಮಾನಿಸುತ್ತಿದ್ದುದರಿಂದ ಅಲ್ಲಿನ 500 ಜನರ ಸಭೆಯನ್ನು ‘ಕಾಳಿನಿಂದ ಆರಿಸಿದ ಸಭೆ’ ಎಂದೇ ಕರೆಯುತ್ತಿದ್ದರು. ಆರ್ಕಾನ್ ಎಂಬ ದೊಡ್ಡ ಹುದ್ದೆಯವರನ್ನೂ ಕ್ರಿ.ಪೂ. 487ರಿಂದ ಅದೃಷ್ಟಕ್ಕೇ ಬಿಟ್ಟರು.

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ನನಗೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲ. ಒಮ್ಮೆ ಗ್ರಾಮ ಪಂಚಾಯಿತಿಯ ಮತ ಎಣಿಕೆಯಲ್ಲಿ ಇಬ್ಬರಿಗೆ ಸಮನಾದ ಮತ ಬಂದು, ನಿಯಮದಂತೆ ಚೀಟಿ ಎತ್ತಬೇಕಾಯಿತು. ಎರಡು ಹೆಸರು ಬರೆದು, ಮಡಚಿ, ಸ್ಟೀಲ್ ಡಬ್ಬಿಗೆ ಹಾಕಿ ಕುಲುಕಿ ಒಂದನ್ನು ಎತ್ತಿದೆವು. ಸೋತವರು ‘ಇದೇನು ಸಾರ್, ಜೂಜೇ?’ ಎಂದು ಕೇಳಿದರು. ಅಥೆನ್ಸಿನವನೊಬ್ಬ ಆ ಕೊಠಡಿಯಲ್ಲಿ ಇದ್ದಿದ್ದರೆ ಅವನಿಗೆ ವಿಚಿತ್ರವಾಗಿ ಕಾಣುತ್ತಿದ್ದುದು ಚೀಟಿಯಲ್ಲ, ಅದಕ್ಕೆ ಮೊದಲು ನಡೆದ ಮತದಾನ.

ಯಾಕೆಂದರೆ ಅವರ ಲೆಕ್ಕವೇ ಬೇರೆ. ಚುನಾವಣೆಯೆಂದರೆ ಹೆಸರಿದ್ದವನು, ಮನೆತನವಿದ್ದವನು, ಖರ್ಚು ಮಾಡಬಲ್ಲವನು ಗೆಲ್ಲುವ ಏರ್ಪಾಡು. ಅಧಿಕಾರಿಗಳನ್ನು ಚೀಟಿಯಿಂದ ನೇಮಿಸುವುದು ಪ್ರಜಾಪ್ರಭುತ್ವದ ಲಕ್ಷಣ, ಮತದಿಂದ ಆರಿಸುವುದು ಕೆಲವರ ಆಳ್ವಿಕೆಯ ಲಕ್ಷಣ ಎಂಬ ಎಣಿಕೆಯನ್ನು ಅರಿಸ್ಟಾಟಲ್ ದಾಖಲಿಸಿದ್ದಾನೆ. ಆ ಅಳತೆಗೋಲಿನಲ್ಲಿ ಅಳೆದರೆ ನಮ್ಮ ವಿಧಾನಸಭೆ ಎಲ್ಲಿ ನಿಲ್ಲುತ್ತದೆಂದು ತರಗತಿಯಲ್ಲಿ ಕೇಳಿದಾಗಲೆಲ್ಲ ಹಿಂದಿನ ಬೆಂಚಿನವರೂ ಎಚ್ಚರಗೊಳ್ಳುತ್ತಾರೆ.

ಚೀಟಿ ಎತ್ತುವುದನ್ನು ಅವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದರೆಂದರೆ ಅದಕ್ಕೊಂದು ಯಂತ್ರವನ್ನೇ ಮಾಡಿಕೊಂಡಿದ್ದರು. ಹೆಸರು ಕ್ಲೆರೋಟೇರಿಯನ್. ನಿಲ್ಲಿಸಿದ ಕಲ್ಲಿನ ಚಪ್ಪಡಿ, ಅದರ ತುಂಬ ಸಾಲುಸಾಲಾಗಿ ಕೊರೆದ ಸೀಳುಗಳು, ಪಕ್ಕದಲ್ಲಿ ಮೇಲಿನಿಂದ ಕೆಳಕ್ಕೆ ಒಂದು ಕೊಳವೆ. ನ್ಯಾಯಾಲಯದಲ್ಲಿ ಕೂರಲು ಬಂದ ನಾಗರಿಕರು ತಮ್ಮ ಹೆಸರಿನ ಪಟ್ಟಿಯನ್ನು ಒಪ್ಪಿಸುತ್ತಿದ್ದರು. ಬೆರಳಗಲದ ಕಂಚಿನ ಪಟ್ಟಿ, ಅದರ ಮೇಲೆ ಹೆಸರು, ತಂದೆಯ ಹೆಸರು, ಊರು. ಆ ಕಾಲದ ಗುರುತಿನ ಚೀಟಿ ಎನ್ನಿ. ಪಟ್ಟಿಗಳನ್ನೆಲ್ಲ ಸೀಳುಗಳಿಗೆ ಸಿಕ್ಕಿಸಿ ಕೊಳವೆಗೆ ಕಪ್ಪು ಬಿಳುಪು ದಾಳಗಳನ್ನು ಬೆರೆಸಿ ಸುರಿಯುತ್ತಿದ್ದರು. ಕೆಳಗೆ ಒಂದೊಂದೇ ಉದುರುತ್ತದೆ. ಬಿಳಿ ಬಿದ್ದರೆ ಮೊದಲ ಅಡ್ಡಸಾಲಿನವರೆಲ್ಲ ಆ ದಿನದ ನ್ಯಾಯದರ್ಶಿಗಳು. ಕಪ್ಪು ಬಿದ್ದರೆ ಪಟ್ಟಿ ವಾಪಸು, ಮನೆಗೆ ಹೋಗಬಹುದು. ಯಾರು ಯಾವ ನ್ಯಾಯಾಲಯಕ್ಕೆ ಎನ್ನುವುದಕ್ಕೆ ಮತ್ತೊಮ್ಮೆ ಅದೃಷ್ಟ ಪರೀಕ್ಷೆ. ತನ್ನ ಮೊಕದ್ದಮೆಯನ್ನು ಯಾರು ಕೇಳುತ್ತಾರೆಂದು ಆ ಬೆಳಗಿನ ತನಕ ಗೊತ್ತೇ ಆಗದಿದ್ದರೆ ಲಂಚ ಕೊಡುವುದು ಯಾರಿಗೆ?

ದಿನದ ಭತ್ಯೆಯೂ ಇತ್ತು. ಊರಿನ ನಾಯಕನಾಗಿದ್ದ ಪೆರಿಕ್ಲಿಸ್ ಶುರು ಮಾಡಿದ್ದನ್ನು ಕ್ಲಿಯಾನ್ ಎಂಬಾತ ಮೂರು ಓಬೊಲ್‌ಗೆ ಏರಿಸಿದ. ಕಲ್ಲುಕೆಲಸದವನ ದಿನಗೂಲಿ ಆರು ಓಬೊಲ್, ಅಂದರೆ ಒಂದು ಡ್ರಾಕ್ಮಾ, ಇದ್ದ ಕಾಲವದು. ಶ್ರೀಮಂತರು ಇದನ್ನು ಬಿಟ್ಟಿ ಭಾಗ್ಯವೆಂದು ಹೀಯಾಳಿಸುತ್ತಿದ್ದರು. ಆ ಮಾತು ನಮಗೆ ಹೊಸದಲ್ಲ.

ಹಾಗೆಂದು ಕಾಳು ಕೈಗೆ ಬಂದವನೆಲ್ಲ ನೇರವಾಗಿ ಕುರ್ಚಿ ಏರುತ್ತಿರಲಿಲ್ಲ. ಮೊದಲು ವಿಚಾರಣೆ. ಆರ್ಕಾನ್ ಆಗುವವನನ್ನು ಕೇಳುತ್ತಿದ್ದ ಪ್ರಶ್ನೆಗಳು ನನಗೆ ತುಂಬ ಇಷ್ಟ: ನಿನ್ನ ತಂದೆ ಯಾರು, ತಾಯಿಯ ತಂದೆ ಯಾರು, ನಿಮ್ಮ ಮನೆತನದ ಸಮಾಧಿಗಳು ಎಲ್ಲಿವೆ, ಹೆತ್ತವರನ್ನು ಚೆನ್ನಾಗಿ ನೋಡಿಕೊಳ್ಳುತ್ತೀಯಾ, ತೆರಿಗೆ ಕಟ್ಟಿದ್ದೀಯಾ, ಯುದ್ಧಕ್ಕೆ ಹೋಗಿದ್ದೀಯಾ? ಅವಧಿ ಒಂದೇ ವರ್ಷ. ಮುಗಿದ ಮೇಲೆ ಲೆಕ್ಕ ಒಪ್ಪಿಸಬೇಕು. ಯುದ್ಧದ ವಿಷಯದಲ್ಲಿ ಮಾತ್ರ ಅವರು ಅದೃಷ್ಟವನ್ನು ನಂಬಲಿಲ್ಲ. ಹತ್ತು ಸೇನಾಪತಿಗಳನ್ನು ಕೈ ಎತ್ತಿಸಿ ಚುನಾಯಿಸುತ್ತಿದ್ದರು, ಅವರು ಎಷ್ಟು ಸಲ ಬೇಕಾದರೂ ಆಯ್ಕೆಯಾಗಬಹುದಿತ್ತು. ಪೆರಿಕ್ಲಿಸ್ ಸತತ ಹದಿನೈದು ವರ್ಷ ಊರನ್ನು ನಡೆಸಿದ್ದು ಈ ಬಾಗಿಲಿನಿಂದಲೇ.

(ಎಲ್ಲ ಗ್ರೀಕ್ ಊರುಗಳೂ ಹೀಗಿರಲಿಲ್ಲ. ಸ್ಪಾರ್ಟಾದಲ್ಲಿ ಹಿರಿಯರ ಸಭೆಗೆ ಆರಿಸುವಾಗ ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಜನರ ಮುಂದೆ ಹಾದುಹೋಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಮುಖ ಕಾಣದಂತೆ ಕುಳಿತವರು ಯಾರಿಗೆ ಹೆಚ್ಚು ಕೂಗು ಬಿತ್ತೆಂದು ಬರೆದುಕೊಳ್ಳುತ್ತಿದ್ದರು. ಅರಿಸ್ಟಾಟಲನಿಗೆ ಇದು ಮಕ್ಕಳಾಟವಾಗಿ ಕಂಡಿತ್ತು.)

ಈಗ ಐನೂರರ ಸಭೆಗೆ ಬರೋಣ. ಕ್ರಿ.ಪೂ. 508ರ ಹೊತ್ತಿಗೆ ಕ್ಲೈಸ್ಥೆನೀಸ್ ನಾಗರಿಕರನ್ನು ಹತ್ತು ಪಂಗಡಗಳಾಗಿ ಹೊಸದಾಗಿ ವಿಂಗಡಿಸಿದ. ಒಂದೊಂದರಿಂದ 50 ಜನ. ವರ್ಷದ ಹತ್ತನೇ ಒಂದು ಪಾಲು ಒಂದು ಪಂಗಡದವರು ದಿನನಿತ್ಯದ ಆಡಳಿತ ನೋಡುತ್ತಿದ್ದರು. ಆ ಐವತ್ತರಲ್ಲಿ ಒಬ್ಬ, ಅವನೂ ಕಾಳಿನಿಂದಲೇ, ಒಂದು ಹಗಲು ಒಂದು ರಾತ್ರಿ ಅಧ್ಯಕ್ಷ. ಖಜಾನೆಯ ಬೀಗದ ಕೈ, ರಾಜ್ಯದ ಮುದ್ರೆ ಅಷ್ಟು ಹೊತ್ತು ಅವನ ಕೈಯಲ್ಲಿ. ಜೀವಮಾನದಲ್ಲಿ ಎರಡನೇ ಸಲ ಆ ಭಾಗ್ಯವಿಲ್ಲ. ವಯಸ್ಕ ಗಂಡು ನಾಗರಿಕರು ಹೆಚ್ಚೆಂದರೆ ಕೆಲವು ಹತ್ತು ಸಾವಿರ ಇದ್ದ ಊರಿನಲ್ಲಿ ವರ್ಷಕ್ಕೆ ಸುಮಾರು 350 ಅಧ್ಯಕ್ಷರು! ನೆರೆಮನೆಯ ಕುಂಬಾರನೋ ಆಲಿವ್ ಬೆಳೆಗಾರನೋ ಒಂದು ದಿನ ರಾಜ್ಯಕ್ಕೆ ಯಜಮಾನನಾಗಿದ್ದ ಎನ್ನುವುದು ಅಲ್ಲಿ ಮಾಮೂಲಿ ಸುದ್ದಿ.

ಕ್ರಿ.ಪೂ. 406ರಲ್ಲಿ ಆ ಆಡಳಿತದ ಐವತ್ತರಲ್ಲಿ ಒಬ್ಬ ಸಾಕ್ರಟೀಸ್. ಅರ್ಗಿನೂಸಾಯ್ ದ್ವೀಪಗಳ ಬಳಿ ಅಥೆನ್ಸಿನ ನೌಕಾಪಡೆ ಗೆದ್ದಿತ್ತು, ಆದರೆ ಬಿರುಗಾಳಿಯಿಂದಾಗಿ ಒಡೆದ ಹಡಗುಗಳಲ್ಲಿ ಸಿಕ್ಕಿಬಿದ್ದವರನ್ನು ಉಳಿಸಲಾಗಲಿಲ್ಲ. ಊರು ಕೆರಳಿತು. ಸೇನಾಪತಿಗಳನ್ನು ಬೇರೆಬೇರೆಯಾಗಿ ವಿಚಾರಿಸದೆ ಒಂದೇ ಮತದಲ್ಲಿ ಎಲ್ಲರ ತೀರ್ಪು ಆಗಲಿ ಎಂಬ ಸೂಚನೆ ಬಂತು. ಇದು ಕಾನೂನಿಗೆ ವಿರುದ್ಧವೆಂದು ಆರಂಭದಲ್ಲಿ ಕೆಲವರು ತಕರಾರು ತೆಗೆದರೂ ಜನರ ಗದ್ದಲಕ್ಕೆ ಹೆದರಿ ಬಾಯಿ ಮುಚ್ಚಿಕೊಂಡರು. ಸಾಕ್ರಟೀಸ್ ಒಬ್ಬ ಒಪ್ಪಲಿಲ್ಲ. ಮತ ಹೇಗೂ ನಡೆಯಿತು. ಊರಿಗೆ ಮರಳಿದ್ದ ಆರು ಮಂದಿ ಗೆದ್ದ ಸೇನಾಪತಿಗಳನ್ನು ಕೊಂದರು. ಆಮೇಲೆ ಪಶ್ಚಾತ್ತಾಪಪಟ್ಟು, ತಮ್ಮನ್ನು ದಾರಿ ತಪ್ಪಿಸಿದವರ ಮೇಲೆಯೇ ಮೊಕದ್ದಮೆ ಹೂಡಿದರು.

ಚೀಟಿ ಪದ್ಧತಿಯನ್ನು ಬಯ್ಯುವವರೂ ಹೊಗಳುವವರೂ ಈ ಪ್ರಕರಣವನ್ನು ಗಮನಿಸಬೇಕು. ಸತ್ತ ಸೇನಾಪತಿಗಳು ಚುನಾಯಿತರು. ಕೊಲ್ಲಿಸಿದ್ದು ನಾಗರಿಕರೆಲ್ಲ ಕೂಡಿ ಕೈ ಎತ್ತುವ ಪ್ರಜಾಸಭೆ. ಅಡ್ಡ ನಿಂತವನು ಮಾತ್ರ ಕಾಳಿನಿಂದ ಬಂದವನು. ಅದೇ ಸಾಕ್ರಟೀಸ್ ‘ಹಡಗು ನಡೆಸುವವನನ್ನು ಯಾರೂ ಕಾಳು ಎತ್ತಿ ಆರಿಸುವುದಿಲ್ಲ, ಊರು ನಡೆಸುವವನನ್ನು ಮಾತ್ರ ಆರಿಸುತ್ತೀರಿ’ ಎಂದು ಗೇಲಿ ಮಾಡುತ್ತಾನೆಂಬ ದೂರೂ ಇತ್ತು. ಏಳು ವರ್ಷಗಳ ನಂತರ ಅವನಿಗೆ ವಿಷ ಕುಡಿಸಿದ ಸುಮಾರು 500 ನ್ಯಾಯದರ್ಶಿಗಳೂ ಅದೃಷ್ಟದಿಂದ ಬಂದವರೇ. ನನ್ನ ಮಟ್ಟಿಗೆ ಕಾಳು ಒಳ್ಳೆಯವರನ್ನೂ ತರಲಿಲ್ಲ, ಕೆಟ್ಟವರನ್ನೂ ತರಲಿಲ್ಲ. ಕುರ್ಚಿ ಯಾರೊಬ್ಬರ ಆಸ್ತಿಯೂ ಆಗದಂತೆ ನೋಡಿಕೊಂಡಿತು, ಅಷ್ಟೇ. ಅಥೆನ್ಸನ್ನು ಪ್ರಜಾಪ್ರಭುತ್ವವೆಂದು ಕರೆಯಲು ನನಗೆ ಅಷ್ಟು ಸಾಕು.

ಆದರೆ ‘ಪ್ರಜೆ’ ಯಾರು ಎನ್ನುವಲ್ಲಿ ನಾನು ತಡವರಿಸುತ್ತೇನೆ. ಹೆಂಗಸರಿಗೆ ಮತವಿಲ್ಲ. ತಲೆಮಾರುಗಳಿಂದ ನೆಲೆಸಿದ ಹೊರಊರಿನವರಿಗಿಲ್ಲ. ಗುಲಾಮರ ಮಾತಂತೂ ಬಿಡಿ. ಕ್ರಿ.ಪೂ. 451ರಲ್ಲಿ, ತಂದೆತಾಯಿ ಇಬ್ಬರೂ ಅಥೆನ್ಸಿನವರಾದರೆ ಮಾತ್ರ ನಾಗರಿಕ ಎಂಬ ಕಾನೂನು ತಂದವನು ಪೆರಿಕ್ಲಿಸ್. ಮುಂದೆ ಅವನ ಹೆಂಡತಿಯ ಮಕ್ಕಳಿಬ್ಬರೂ ಪ್ಲೇಗಿನ ಕಾಲದಲ್ಲಿ ತೀರಿಕೊಂಡರು. ಮಿಲೆಟಸ್ ಊರಿನ ಆಸ್ಪೇಸಿಯಾಳಲ್ಲಿ ಹುಟ್ಟಿದ ಮಗನಿಗೆ ನಾಗರಿಕತ್ವ ಕೊಡಿರೆಂದು ಅವನೇ ಜನರನ್ನು ಬೇಡಿಕೊಳ್ಳಬೇಕಾಯಿತು. ಜನ ಮರುಗಿ ಕೊಟ್ಟರು. ಅರ್ಗಿನೂಸಾಯ್ ಗೆದ್ದು ಬಂದು ಸತ್ತ ಆರು ಮಂದಿಯಲ್ಲಿ ಆ ಮಗನೂ ಒಬ್ಬ.