ಅಮೆರಿಕದ ದುಡ್ಡು, ಕೋಸ್ಟಾ ರಿಕಾದ ಆಯಸ್ಸು

ಪ್ರಶ್ನೆ: ಮಗಳ ಸಂಸಾರ ಅಮೆರಿಕದ ಟೆಕ್ಸಾಸ್‌ನಲ್ಲಿದೆ. ರಜೆಗೆ ಕೋಸ್ಟಾ ರಿಕಾಕ್ಕೆ ಹೋಗಿ ಬಂದರು. "ತಗಡಿನ ಸೂರು, ಗುಂಡಿ ಬಿದ್ದ ರಸ್ತೆ, ಕಾಫಿ ತೋಟ, ಥೇಟ್ ನಮ್ಮ ಮಲೆನಾಡೇ ಅಮ್ಮಾ" ಅಂದಳು. ಆದರೆ ಅಲ್ಲಿಯ ಜನ ಅಮೆರಿಕದವರಿಗಿಂತ ಜಾಸ್ತಿ ವರ್ಷ ಬದುಕುತ್ತಾರೆ ಅಂತ ಅಳಿಯ ಹೇಳಿದರು. ನಿಜವಾ? ನಿಜವಾದರೆ ಯಾವ ದೇಶವನ್ನು ಮುಂದುವರಿದದ್ದು ಅನ್ನಬೇಕು?
— ಓದುಗರು, ಹಾಸನ

ಉತ್ತರ: ಅಳಿಯ ಹೇಳಿದ್ದು ನಿಜ. 2023ರಲ್ಲಿ ಅಮೆರಿಕದ ಸರಾಸರಿ ಆಯಸ್ಸು 78.4 ವರ್ಷ. ಕೋಸ್ಟಾ ರಿಕಾದಲ್ಲಿ 80ರ ಆಸುಪಾಸು. ಅಂತರ ಒಂದೆರಡು ವರ್ಷದ್ದು, ದೊಡ್ಡದೇನಲ್ಲ. ಆದರೆ ಎರಡೂ ದೇಶಗಳ ಆದಾಯ ನೋಡಿದರೆ ಇದು ಆಗಬಾರದ ಸಂಗತಿ. ಅಮೆರಿಕದ ತಲಾ ಆದಾಯ ವರ್ಷಕ್ಕೆ ಸುಮಾರು 82 ಸಾವಿರ ಡಾಲರ್. ಕೋಸ್ಟಾ ರಿಕಾದ್ದು 16-17 ಸಾವಿರ. ಅಲ್ಲಿ ಸಾಮಾನು ಅಗ್ಗ ಅಂತ ಹೊಂದಿಸಿ ನೋಡಿದರೂ ಮೂರು ಪಟ್ಟು ವ್ಯತ್ಯಾಸ ಉಳಿಯುತ್ತದೆ. ಅಮೆರಿಕ ತನ್ನ ಇಡೀ ಆರ್ಥಿಕತೆಯ ಶೇ 17ಕ್ಕೂ ಹೆಚ್ಚು ಪಾಲನ್ನು ಆರೋಗ್ಯಕ್ಕೇ ಸುರಿಯುತ್ತದೆ. ಕೋಸ್ಟಾ ರಿಕಾ ಸುಮಾರು ಶೇ 7.

ಮಧ್ಯ ಅಮೆರಿಕದ ಈ ಪುಟ್ಟ ದೇಶದ ಜನಸಂಖ್ಯೆ 51 ಲಕ್ಷದ ಸುತ್ತಮುತ್ತ. ವಿಸ್ತೀರ್ಣ ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇದರ ಬಗ್ಗೆ ಮಾತು ಬಂದಾಗಲೆಲ್ಲ ಒಂದು ಕಥೆ ಬಂದೇ ಬರುತ್ತದೆ. 1948ರಲ್ಲಿ ಅಂತರ್ಯುದ್ಧ ಗೆದ್ದ ಹೋಸೆ ಫಿಗೆರೆಸ್ ಸೈನ್ಯವನ್ನೇ ರದ್ದು ಮಾಡಿದರು. ರಾಜಧಾನಿಯ ಸೇನಾ ಕೋಟೆಯ ಗೋಡೆಗೆ ತಾವೇ ಸುತ್ತಿಗೆಯಿಂದ ಏಟು ಹಾಕಿದರು. ಸೈನ್ಯದ ದುಡ್ಡು ಆಸ್ಪತ್ರೆಗೆ ಹೋಯಿತು, ಜನ ನೂರು ವರ್ಷ ಬದುಕಿದರು!

ಕಥೆ ಚೆನ್ನಾಗಿದೆ. ಆದರೆ ಅರ್ಧ ಮಾತ್ರ ಸರಿ. ಆರೋಗ್ಯ ವಿಮೆ ನಡೆಸುವ 'ಕಾಹಾ' ಎಂಬ ಸಂಸ್ಥೆ ಹುಟ್ಟಿದ್ದು ಸೈನ್ಯ ರದ್ದಾಗುವುದಕ್ಕೆ 7 ವರ್ಷ ಮೊದಲೇ, 1941ರಲ್ಲಿ. ಕಟ್ಟಿದವರು ಆಗಿನ ಅಧ್ಯಕ್ಷ ರಫೆಲ್ ಕಾಲ್ಡೆರೋನ್. ಅವರು ವೃತ್ತಿಯಿಂದ ವೈದ್ಯರು. ಫಿಗೆರೆಸ್ ಅಂತರ್ಯುದ್ಧದಲ್ಲಿ ಸೋಲಿಸಿದ್ದು ಇದೇ ಕಾಲ್ಡೆರೋನ್ ಅವರ ಪಕ್ಷವನ್ನು. ಗೆದ್ದವರು ಸೋತವರ ಯೋಜನೆಯನ್ನು ಕಿತ್ತುಹಾಕುವುದು ಎಲ್ಲ ಕಡೆ ಇರುವ ಪದ್ಧತಿ. ಇಲ್ಲಿ ಹಾಗಾಗಲಿಲ್ಲ. ಕಾಹಾ ಉಳಿಯಿತು, ಬೆಳೆಯಿತು. ನನ್ನ ಮಟ್ಟಿಗೆ ಸುತ್ತಿಗೆ ಏಟಿಗಿಂತ ಇದೇ ದೊಡ್ಡ ಸಂಗತಿ.

ಕಾಹಾಕ್ಕೆ ಕಾರ್ಮಿಕರು, ಮಾಲೀಕರು, ಸರ್ಕಾರ ಮೂವರೂ ಕಂತು ಕಟ್ಟುತ್ತಾರೆ. 1973ರಲ್ಲಿ ಕಾನೂನು ತಂದು ಸರ್ಕಾರಿ ಆಸ್ಪತ್ರೆಗಳನ್ನು ಇದಕ್ಕೇ ವಹಿಸಿದರು. ಅದೇ ದಶಕದಲ್ಲಿ ಹಳ್ಳಿಗಳಿಗೆ ಲಸಿಕೆ, ಕುಡಿಯುವ ನೀರು, ಶೌಚಾಲಯ ಮುಟ್ಟಿಸುವ ಕೆಲಸ ಜೋರಾಗಿ ನಡೆಯಿತು. 1970ರಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 60ಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಹತ್ತೇ ವರ್ಷದಲ್ಲಿ ಆ ಸಂಖ್ಯೆ 20ರ ಹತ್ತಿರಕ್ಕೆ ಇಳಿಯಿತು. ಆಗ ಆ ದೇಶ ಏನೂ ಶ್ರೀಮಂತ ಆಗಿರಲಿಲ್ಲ.

1990ರ ದಶಕದ ಮಧ್ಯದಲ್ಲಿ ಬಂದದ್ದು 'ಎಬಾಯಿಸ್' ಎಂಬ ಪುಟ್ಟ ತಂಡಗಳು. ಸುಮಾರು ನಾಲ್ಕೈದು ಸಾವಿರ ಜನಕ್ಕೆ ಒಂದು ತಂಡ. ಅದರಲ್ಲಿ ಒಬ್ಬ ಡಾಕ್ಟರು, ಒಬ್ಬ ನರ್ಸಿಂಗ್ ಸಹಾಯಕಿ, ದಾಖಲೆ ನೋಡುವ ಗುಮಾಸ್ತ ಇರುತ್ತಾರೆ. ಜೊತೆಗೆ ಮನೆಮನೆ ಸುತ್ತುವ ಒಬ್ಬ ಆರೋಗ್ಯ ಕಾರ್ಯಕರ್ತ. ಈ ಕೊನೆಯವರನ್ನು ಗಮನಿಸಿ. ಹೆಗಲಿಗೆ ಲಸಿಕೆಯ ತಣ್ಣನೆ ಪೆಟ್ಟಿಗೆ, ಬೈಕು. ಬೈಕು ಹೋಗದ ಕಡೆ ದೋಣಿ, ಇಲ್ಲವೇ ಕುದುರೆ. ಕಾಯಿಲೆ ಇರಲಿ ಬಿಡಲಿ, ಮನೆಗೆ ಬಂದು ಕೂರುತ್ತಾರೆ. ಅಜ್ಜಿಯ ಬಿಪಿ ನೋಡುತ್ತಾರೆ. ಮಗುವಿನ ಲಸಿಕೆ ಚೀಟಿ ಕೇಳುತ್ತಾರೆ. ನೀರು ಎಲ್ಲಿಂದ ಬರುತ್ತದೆ, ಶೌಚಾಲಯ ಹೇಗಿದೆ ಎಂದು ವಿಚಾರಿಸಿ ಆ ಮನೆಯ ಲೆಕ್ಕದಲ್ಲಿ ಬರೆದುಕೊಳ್ಳುತ್ತಾರೆ. ನಮ್ಮ ಆಶಾ ಕಾರ್ಯಕರ್ತೆಯರು ಮಾಡುವುದೂ ಹೆಚ್ಚುಕಡಿಮೆ ಇದೇ, ಅಲ್ವಾ? ವ್ಯತ್ಯಾಸ ಏನೆಂದರೆ, ಕೋಸ್ಟಾ ರಿಕಾದಲ್ಲಿ ಅವರು ಸಂಬಳ ಪಡೆಯುವ ನೌಕರರು. ನಮ್ಮಲ್ಲಿ ಆಶಾ ಅಕ್ಕಂದಿರಿಗೆ ಇಂದಿಗೂ ಸಿಗುವುದು ಗೌರವಧನ, ಪ್ರೋತ್ಸಾಹಧನ.

ಈಗ ಯಾರು ಹೆಚ್ಚು ಬದುಕುತ್ತಾರೆ ಅನ್ನುವ ಪ್ರಶ್ನೆಗೆ ಬರೋಣ. ಎರಡೂ ದೇಶಗಳ ಸಾವಿನ ಲೆಕ್ಕವನ್ನು ಹೋಲಿಸಿದ ಒಂದು ಅಧ್ಯಯನ 2016ರಲ್ಲಿ ಬಂತು. ಅದರಲ್ಲಿ ಕಂಡದ್ದು ಕುತೂಹಲದ್ದು. ಎರಡೂ ದೇಶಗಳ ಸ್ಥಿತಿವಂತರನ್ನು ಅಕ್ಕಪಕ್ಕ ಇಟ್ಟರೆ ಅಮೆರಿಕದವರೇ ತುಸು ಮೇಲು. ಬಡವರನ್ನು ಅಕ್ಕಪಕ್ಕ ಇಟ್ಟರೆ ಲೆಕ್ಕ ಪೂರ್ತಿ ತಿರುಗುತ್ತದೆ. ಅಮೆರಿಕದ ಬಡವ ಕೋಸ್ಟಾ ರಿಕಾದ ಬಡವನಿಗಿಂತ ಬಹಳ ಬೇಗ ಸಾಯುತ್ತಾನೆ. ಹೃದ್ರೋಗ, ಶ್ವಾಸಕೋಶದ ಕ್ಯಾನ್ಸರ್ ಅಲ್ಲಿ ದೊಡ್ಡ ಕಾರಣಗಳು. ಸಿಗರೇಟು, ಬೊಜ್ಜು ಅಮೆರಿಕದಲ್ಲಿ ಜಾಸ್ತಿ. ಇದರ ಮೇಲೆ ಡ್ರಗ್ಸ್ ಬೇರೆ. 2021ರಿಂದ 2023ರವರೆಗೆ ಪ್ರತಿ ವರ್ಷ 1 ಲಕ್ಷಕ್ಕೂ ಹೆಚ್ಚು ಅಮೆರಿಕನ್ನರು ಡ್ರಗ್ಸ್ ಮಿತಿಮೀರಿ ಸತ್ತರು. ಸತ್ತವರಲ್ಲಿ ಬಹಳಷ್ಟು ಮಂದಿ ದುಡಿಯುವ ವಯಸ್ಸಿನವರು.

ಹಾಗಂತ ಕೋಸ್ಟಾ ರಿಕಾದಲ್ಲಿ ಎಲ್ಲರೂ ಸಮಾನರು ಅಂದುಕೊಳ್ಳಬೇಡಿ. ಆದಾಯದ ವಿಷಯದಲ್ಲಿ ಅಲ್ಲಿಯ ಅಸಮಾನತೆ ಅಮೆರಿಕಕ್ಕಿಂತಲೂ ಜಾಸ್ತಿ. ಕಾಫಿ ಬಿಡಿಸುವ ಕೆಲಸಕ್ಕೆ ನಿಕರಾಗುವಾದಿಂದ, ಪನಾಮಾದ ಬುಡಕಟ್ಟು ಪ್ರದೇಶಗಳಿಂದ ಕುಟುಂಬ ಸಮೇತ ಬರುತ್ತಾರೆ. ಕೂಲಿ ಕೊಡುವುದು ಹಣ್ಣು ತುಂಬಿದ ಪೆಟ್ಟಿಗೆಯ ಲೆಕ್ಕದಲ್ಲಿ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಅಸ್ಸಾಮಿನವರು ಬಂದು ಕೆಲಸ ಮಾಡುವುದನ್ನು ನೋಡಿದವರಿಗೆ ಈ ಚಿತ್ರ ಹೊಸದಲ್ಲ. ಅಂದರೆ ಸಂಬಳದಲ್ಲಿ ದೊಡ್ಡ ಕಂದಕ ಇದೆ. ಬಿಪಿ ಮಾತ್ರೆ ಸಿಗುವುದರಲ್ಲಿ ಅಷ್ಟು ದೊಡ್ಡ ಕಂದಕ ಇಲ್ಲ. ಇವು ಎರಡು ಬೇರೆ ಬೇರೆ ಅಸಮಾನತೆಗಳು. ಎರಡನ್ನೂ ಒಂದೇ ಅಂದುಕೊಂಡರೆ ಕೋಸ್ಟಾ ರಿಕಾ ಅರ್ಥವಾಗುವುದಿಲ್ಲ.

ಅಮೆರಿಕ ಮುಂದಿರುವ ಜಾಗಗಳೂ ಇವೆ. ಶಿಶು ಮರಣ ಅಲ್ಲಿ ಸಾವಿರಕ್ಕೆ 5.6, ಕೋಸ್ಟಾ ರಿಕಾದಲ್ಲಿ 8ರಿಂದ 10ರ ನಡುವೆ. ಅಮೆರಿಕದ ವಯಸ್ಕರು ಸರಾಸರಿ 13-14 ವರ್ಷ ಶಾಲೆ ಕಾಲೇಜು ಕಲಿತಿರುತ್ತಾರೆ. ಕೋಸ್ಟಾ ರಿಕಾದಲ್ಲಿ 9 ವರ್ಷವೂ ದಾಟುವುದು ಕಷ್ಟ. ಇನ್ನು ಸಂಶೋಧನೆ, ಹೊಸ ಔಷಧ, ವಿಶ್ವವಿದ್ಯಾಲಯಗಳ ವಿಷಯದಲ್ಲಿ ಹೋಲಿಕೆಯ ಮಾತೇ ಇಲ್ಲ.

ಯಾವುದು ಮುಂದುವರಿದದ್ದು ಅಂತ ಕೇಳಿದ್ದೀರಿ. ಚೆನ್ನಾಗಿ ಓದಿ, ಒಳ್ಳೆಯ ಕೆಲಸದಲ್ಲಿರುವ ನಿಮ್ಮ ಮಗಳು-ಅಳಿಯನಿಗೆ ಅಮೆರಿಕವೇ ಸರಿ. ಓದು ಅರ್ಧಕ್ಕೆ ಬಿಟ್ಟು ಗೋದಾಮಿನಲ್ಲಿ ಮೂಟೆ ಹೊರುವವನಿಗೆ, ಐವತ್ತು ದಾಟಿದ ಮೇಲೆ ಸಕ್ಕರೆ ಕಾಯಿಲೆ ಬಂದರೆ, ಕೋಸ್ಟಾ ರಿಕಾ ವಾಸಿ. ನುಣುಚಿಕೊಳ್ಳುವ ಉತ್ತರ ಅನ್ನಿಸಬಹುದು. ಆದರೆ ಅಂಕಿಅಂಶ ಹೇಳುವುದೇ ಇಷ್ಟು.

ಪ್ರಶ್ನೆ: ಮಗನಿಗೆ ಅಮೆರಿಕದಲ್ಲಿ ವರ್ಷಕ್ಕೆ 1 ಲಕ್ಷ ಡಾಲರ್ ಸಂಬಳ. ನೆಂಟರೆಲ್ಲ "80-90 ಲಕ್ಷ ಬರುತ್ತಲ್ಲ" ಅಂತಾರೆ. ಅವನು ಮಾತ್ರ ಕೈ ಹಿಡಿದು ಖರ್ಚು ಮಾಡುತ್ತಾನೆ. ಯಾರ ಲೆಕ್ಕ ಸರಿ?
— ಓದುಗರು, ಶಿವಮೊಗ್ಗ

ಉತ್ತರ: ನೆಂಟರು ಬ್ಯಾಂಕಿನ ದರದಲ್ಲಿ ಗುಣಿಸುತ್ತಿದ್ದಾರೆ. ಮಗ ಅಂಗಡಿಯ ದರದಲ್ಲಿ ಬದುಕುತ್ತಿದ್ದಾನೆ. ಎರಡೂ ನಿಜ, ಆದರೆ ಬೇರೆ ಬೇರೆ ದುಡ್ಡಿಗೆ.

ಬ್ಯಾಂಕಿನ ದರ 1 ಡಾಲರ್‌ಗೆ 85 ರೂಪಾಯಿ ಅಂತ ಇಟ್ಟುಕೊಳ್ಳೋಣ. ಅಮೆರಿಕದಲ್ಲಿ 1 ಡಾಲರ್‌ಗೆ ಸಿಗುವಷ್ಟು ಸರಕು, ಸೇವೆಯನ್ನು ಭಾರತದಲ್ಲಿ ಕೊಳ್ಳಲು ಎಷ್ಟು ರೂಪಾಯಿ ಬೇಕು? ಇದು ಬೇರೆ ಲೆಕ್ಕ. ಇದಕ್ಕೆ ಖರೀದಿ ಶಕ್ತಿಯ ದರ ಅನ್ನುತ್ತಾರೆ. ವಿಶ್ವಬ್ಯಾಂಕ್ ಮುಂದಾಳತ್ವದಲ್ಲಿ ಹಲವು ದೇಶಗಳ ಅಂಗಡಿ ಬೆಲೆ ಸಂಗ್ರಹಿಸಿ ಇದನ್ನು ತೆಗೆಯುತ್ತಾರೆ. ಭಾರತಕ್ಕೆ ಅದು 20 ರೂಪಾಯಿ ಆಸುಪಾಸು. ಇಷ್ಟು ಅಂತರ ಯಾಕೆ? ಫೋನು, ವಿಮಾನ ಟಿಕೆಟ್ಟು ಎಲ್ಲಿ ಕೊಂಡರೂ ಬೆಲೆ ಹೆಚ್ಚುಕಡಿಮೆ ಒಂದೇ. ಆದರೆ ಕೂದಲು ಕತ್ತರಿಸುವುದು, ಮಗು ನೋಡಿಕೊಳ್ಳುವುದು, ನಲ್ಲಿ ರಿಪೇರಿ, ಮನೆ ಬಾಡಿಗೆ ಹಡಗಿನಲ್ಲಿ ಬರುವುದಿಲ್ಲ. ಅವುಗಳ ಬೆಲೆ ಆಯಾ ಊರಿನ ಕೂಲಿಯನ್ನು ನೋಡಿಕೊಂಡು ನಿಲ್ಲುತ್ತದೆ.

ಮಗನ ಲೆಕ್ಕ ಒಡೆದು ನೋಡಿ. ತೆರಿಗೆ, ಕಡಿತ ಎಲ್ಲ ಹೋಗಿ 75 ಸಾವಿರ ಡಾಲರ್ ಕೈಗೆ ಬಂತು ಅನ್ನೋಣ. ಅದರಲ್ಲಿ 60 ಸಾವಿರ ಅಲ್ಲೇ ಖರ್ಚಾದರೆ, ಇಲ್ಲಿ ವರ್ಷಕ್ಕೆ 12 ಲಕ್ಷ ರೂಪಾಯಿ ಖರ್ಚು ಮಾಡಿ ಬದುಕಿದಷ್ಟು ಸೌಕರ್ಯ. ಉಳಿದ 15 ಸಾವಿರವನ್ನು ಊರಿಗೆ ಕಳಿಸಿದರೆ ಅದು ಬ್ಯಾಂಕಿನ ದರದಲ್ಲಿ ಪೂರ್ತಿ 12 ಲಕ್ಷ 75 ಸಾವಿರ ಆಗುತ್ತದೆ. ಕೈ ಹಿಡಿದು ಖರ್ಚು ಮಾಡುತ್ತಿರುವುದಕ್ಕೆ ಕಾರಣ ಇದೇ ಇರಬಹುದು. ಇನ್ನೊಂದು ಮಾತು. ಈ 20 ರೂಪಾಯಿ ಇಡೀ ದೇಶದ ಸರಾಸರಿ. ಬೆಂಗಳೂರಿನ ಬಾಡಿಗೆ, ಖಾಸಗಿ ಶಾಲೆಯ ಫೀಸು ಈ ಸರಾಸರಿಗೆ ಬಗ್ಗುವುದಿಲ್ಲ.

ಪ್ರಶ್ನೆ: ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಮಾನವ ಅಭಿವೃದ್ಧಿ ಸೂಚ್ಯಂಕದ ಪಟ್ಟಿ ನೋಡಿ ಎರಡು ದೇಶಗಳನ್ನು ಹೋಲಿಸಿದರೆ ಸಾಕಲ್ಲವೇ?
— ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪರೀಕ್ಷೆಗೆ ಸಾಕು. ತಿಳಿವಳಿಕೆಗೆ ಸಾಲದು.

1990ರಲ್ಲಿ ಪಾಕಿಸ್ತಾನದ ಅರ್ಥಶಾಸ್ತ್ರಜ್ಞ ಮೆಹಬೂಬ್ ಉಲ್ ಹಕ್ ಅವರು ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮಕ್ಕಾಗಿ ಇದನ್ನು ಶುರು ಮಾಡಿದರು. ಅಮರ್ತ್ಯ ಸೇನ್ ಜೊತೆಗಿದ್ದರು. ಆಯಸ್ಸು, ಓದು, ಆದಾಯ ಮೂರನ್ನು ಸೇರಿಸಿ 0ಯಿಂದ 1ರೊಳಗೆ ಒಂದು ಅಂಕಿ ಕೊಡುತ್ತಾರೆ. 2023ರ ಅಂಕಿಗಳ ಪ್ರಕಾರ ಅಮೆರಿಕ 0.93 ದಾಟಿದೆ, ಕೋಸ್ಟಾ ರಿಕಾ 0.83ರ ಹತ್ತಿರ, ಭಾರತ 0.685ರಲ್ಲಿ 130ನೇ ಸ್ಥಾನದಲ್ಲಿದೆ.

ಇದರೊಳಗೆ ಒಂದು ಜಾಣತನ ಇದೆ. ಆದಾಯವನ್ನು ಲಾಗರಿದಮ್‌ನಲ್ಲಿ ಅಳೆಯುತ್ತಾರೆ. ಹಾಗಾಗಿ ತಲಾ ಆದಾಯ 5 ಸಾವಿರ ಡಾಲರ್‌ನಿಂದ 10 ಸಾವಿರಕ್ಕೆ ಏರಿದರೆ ಎಷ್ಟು ಅಂಕವೋ, 30ರಿಂದ 60 ಸಾವಿರಕ್ಕೆ ಏರಿದರೂ ಅಷ್ಟೇ. 75 ಸಾವಿರ ದಾಟಿದ ಮೇಲೆ ಒಂದು ಅಂಕವೂ ಸಿಗದು. ಹೊಟ್ಟೆ ತುಂಬದವನಿಗೆ ಸಿಕ್ಕ ಸಾವಿರಕ್ಕೂ ಸಿರಿವಂತನಿಗೆ ಸಿಕ್ಕ ಸಾವಿರಕ್ಕೂ ಒಂದೇ ಬೆಲೆ ಅಲ್ಲ ಎಂದು ಈ ಸೂಚ್ಯಂಕ ಒಪ್ಪಿಕೊಂಡಂತಾಯಿತು.

ಆದರೆ ಸರಾಸರಿಯ ಅಡಿಯಲ್ಲಿ ಏನಿದೆ ಅನ್ನುವುದು ಇಲ್ಲಿ ಕಾಣುವುದಿಲ್ಲ. ಮೊದಲ ಪ್ರಶ್ನೆಯ ಉತ್ತರ ಓದಿ. ಪಟ್ಟಿಯಲ್ಲಿ ಅಮೆರಿಕಕ್ಕಿಂತ ಬಹಳ ಕೆಳಗಿರುವ ಕೋಸ್ಟಾ ರಿಕಾದ ಬಡವರು ಅಮೆರಿಕದ ಬಡವರಿಗಿಂತ ಹೆಚ್ಚು ಬದುಕುತ್ತಾರೆ. ಈ ಸಂಗತಿಗೆ ಸೂಚ್ಯಂಕದಲ್ಲಿ ಜಾಗವೇ ಇಲ್ಲ. ಅಸಮಾನತೆಗೆ ಹೊಂದಿಸಿದ ಇನ್ನೊಂದು ಸೂಚ್ಯಂಕವನ್ನು ಅದೇ ವರದಿಯಲ್ಲಿ ಕೊಡುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟು ಓದುವ ಅಭ್ಯಾಸ ಮಾಡಿಕೊಳ್ಳಿ. ಮುಖ್ಯ ಪರೀಕ್ಷೆಯ ಪ್ರಬಂಧಕ್ಕೂ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: 30 ವರ್ಷದಿಂದ ಅಮೆರಿಕದಲ್ಲಿದ್ದೇವೆ. ನಿವೃತ್ತಿ ಹತ್ತಿರ ಬಂತು. ಕೋಸ್ಟಾ ರಿಕಾಕ್ಕೆ ಹೋದರೆ ಖರ್ಚೂ ಕಡಿಮೆ, ಆಯಸ್ಸೂ ಜಾಸ್ತಿ ಅಂತ ಗೆಳೆಯರು ಹೇಳುತ್ತಾರೆ. ಹೋಗಬಹುದಾ?
— ಕನ್ನಡಿಗ ದಂಪತಿ, ನ್ಯೂಜೆರ್ಸಿ

ಉತ್ತರ: ಖರ್ಚು ನ್ಯೂಜೆರ್ಸಿಗಿಂತ ಕಡಿಮೆ, ನಿಜ. ಆದರೆ ಮಧ್ಯ ಅಮೆರಿಕದ ದೇಶಗಳಲ್ಲಿ ದುಬಾರಿ ಅನ್ನಿಸಿಕೊಂಡದ್ದೇ ಕೋಸ್ಟಾ ರಿಕಾ. ಆಯಸ್ಸಿನ ಮಾತು ಬಿಡಿ. ವಿಮಾನ ಇಳಿದ ಕೂಡಲೇ ಆಯಸ್ಸು ಕೂಡಿಕೊಳ್ಳುವುದಿಲ್ಲ. ಅಲ್ಲಿ ಹುಟ್ಟಿ ಬೆಳೆದವರಿಗೆ ಚಿಕ್ಕಂದಿನಿಂದ ಸಿಕ್ಕ ಆರೈಕೆಯ ಫಲ ಅದು. ನಿಮ್ಮಂಥ ವಿಮೆ ಇರುವ ಸ್ಥಿತಿವಂತರು ಈಗ ಇರುವ ಕಡೆಯೂ ಚೆನ್ನಾಗಿಯೇ ಬದುಕುತ್ತಾರೆ.

ತಿಂಗಳಿಗೆ ಕನಿಷ್ಠ 1,000 ಡಾಲರ್ ಆಜೀವ ಪಿಂಚಣಿ ಇದ್ದರೆ ನಿವೃತ್ತರಿಗೆ ವಾಸದ ಪರವಾನಗಿ ಕೊಡುತ್ತಾರೆ. ಆಗ ಕಾಹಾಕ್ಕೆ ಕಂತು ಕಟ್ಟಲೇಬೇಕು. ಹತ್ತಿರದ ಡಾಕ್ಟರು, ಮಾತ್ರೆಗೆ ಅದು ಚೆನ್ನಾಗಿದೆ. ಮಂಡಿ ಆಪರೇಷನ್, ಕಣ್ಣಿನ ಪೊರೆ, ಸ್ಕ್ಯಾನಿಂಗ್ ಅಂದರೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸರದಿ ಕಾಯಬೇಕು. ದುಡ್ಡಿದ್ದವರು ಖಾಸಗಿ ಆಸ್ಪತ್ರೆಗೆ ಹೋಗುತ್ತಾರೆ.

ಸುರಕ್ಷತೆಯ ಪ್ರಶ್ನೆಯೂ ಇದೆ. ಸೈನ್ಯವಿಲ್ಲದ ಶಾಂತಿಯ ದೇಶ ಅನ್ನುವ ಹೆಸರಿನ ಮೇಲೆ ಇತ್ತೀಚೆಗೆ ಕಪ್ಪು ಚುಕ್ಕೆ ಬಿದ್ದಿದೆ. 2023ರಲ್ಲಿ ಅಲ್ಲಿ 900ಕ್ಕೂ ಹೆಚ್ಚು ಕೊಲೆಗಳಾದವು. ಆವರೆಗಿನ ದಾಖಲೆ ಅದು. ಲಕ್ಷ ಜನಕ್ಕೆ 17ರಂತೆ ಬೀಳುತ್ತದೆ, ಅಮೆರಿಕದ ದರದ ಎರಡು ಪಟ್ಟಿಗೂ ಮೇಲೆ. ಬಹುಪಾಲು ಕೊಲೆಗಳು ಕೊಕೇನ್ ಸಾಗಣೆಯ ಗುಂಪುಗಳ ಹೊಡೆದಾಟದ್ದು. ಲಿಮೋನ್ ಬಂದರಿನ ಕಡೆ ಜಾಸ್ತಿ. ನಿವೃತ್ತರು ನೆಲೆಸುವ ಮಧ್ಯ ಕಣಿವೆಯ ಊರುಗಳಲ್ಲಿ ಪರಿಸ್ಥಿತಿ ಬೇರೆ. ಆದರೂ ಸುಮ್ನೆ ಪ್ರವಾಸಿ ಜಾಹೀರಾತು ನೋಡಿ ಮನೆ ಕೊಳ್ಳಬೇಡಿ. ಮಳೆಗಾಲವೂ ಸೇರಿದಂತೆ ಒಂದಿಷ್ಟು ತಿಂಗಳು ಬಾಡಿಗೆಗೆ ಇದ್ದು ನೋಡಿ. ಸ್ಪ್ಯಾನಿಷ್ ಸ್ವಲ್ಪ ಕಲಿತು ಹೋಗಿ.

ಸೋಷಿಯಲ್ ಸೆಕ್ಯುರಿಟಿ ಪಿಂಚಣಿ ಅಲ್ಲಿಗೂ ಬರುತ್ತದೆ. ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಮಾತ್ರ ಸಾಮಾನ್ಯವಾಗಿ ಅಮೆರಿಕದ ಗಡಿ ದಾಟುವುದಿಲ್ಲ. ಅಲ್ಲಿ ಹೋದ ಮೇಲೆ ಉಪಯೋಗವಿಲ್ಲ ಅಂತ ಅದರಲ್ಲಿ ಡಾಕ್ಟರ ಫೀಸು ಭರಿಸುವ 'ಬಿ' ಭಾಗವನ್ನು ಕೈಬಿಡುವ ಮೊದಲು ಯೋಚಿಸಿ. ಮೊಮ್ಮಕ್ಕಳ ಹತ್ತಿರ ವಾಪಸ್ ಬರಬೇಕು ಅನ್ನಿಸಿದರೆ, ತಪ್ಪಿಸಿದ ಪ್ರತಿ 12 ತಿಂಗಳಿಗೆ ಶೇ 10ರಂತೆ ಹೆಚ್ಚುವರಿ ಪ್ರೀಮಿಯಂ ಸೇರಿಸುತ್ತಾರೆ. ಅದನ್ನು ಸಾಮಾನ್ಯವಾಗಿ ಕೊನೆತನಕ ಕಟ್ಟಬೇಕಾಗುತ್ತದೆ.