ಉಪ್ಪಿನಕಾಯಿ ಬಾಟಲಿಗೆ ಸುತ್ತಿದ ಕಾಗದ

ಬರುವ ತಿಂಗಳು ದುಬೈಗೆ ಹೊರಟಿರುವ ನೀವು ಬ್ರಹ್ಮಾವರದಿಂದ ನನ್ನನ್ನು ‘ಅಣ್ಣ’ ಎಂದು ಕರೆದು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಕಾಗದಪತ್ರ, ಊಟ, ಬಾಡಿಗೆ ಈ ಮೂರಕ್ಕೆ ಉತ್ತರ ಸುಲಭ. ‘ಗುರುತಿಲ್ಲದ ಊರಿನಲ್ಲಿ ದೇವರೇ ಯಾರನ್ನಾದರೂ ಕಳುಹಿಸುತ್ತಾನೆ ಎಂದು ಅಜ್ಜಿ ಹೇಳುತ್ತಾರೆ, ನಿಮ್ಮ ಅನುಭವದಲ್ಲಿ ಅದು ನಿಜವೇ?’ ಎಂಬ ನಾಲ್ಕನೆಯದು ಮಾತ್ರ ನನ್ನನ್ನು ಎರಡು ರಾತ್ರಿ ನಿದ್ದೆಗೆಡಿಸಿತು.

ಪದವಿ ಪ್ರಮಾಣಪತ್ರಕ್ಕೆ ರಾಜ್ಯ ಸರಕಾರದ, ವಿದೇಶಾಂಗ ಸಚಿವಾಲಯದ, ಯುಎಇ ರಾಯಭಾರ ಕಚೇರಿಯ ದೃಢೀಕರಣವನ್ನು ಊರಿನಲ್ಲಿರುವಾಗಲೇ ಮಾಡಿಸಿಕೊಳ್ಳಿ. ವೀಸಾದ ಖರ್ಚು ಕೆಲಸ ಕೊಡುವವರದ್ದು, ಅದಕ್ಕೆಂದು ಏಜೆಂಟರ ಕೈಗೆ ಹಣ ಕೊಡಬೇಡಿ. ಊಟದ ಚಿಂತೆ ಬೇಡ, ಕರಾಮದ ಅಂಗಡಿಗಳಲ್ಲಿ ಕುಚ್ಚಲಕ್ಕಿ ಸಿಗುತ್ತದೆ. ಬಾಡಿಗೆಯ ಲೆಕ್ಕ ಈಗಲೇ ಕೇಳಿದರೆ ನೀವು ಹೊರಡುವುದೇ ಇಲ್ಲ.

ನಾನು ಬಂದದ್ದು 1998ರ ಸೆಪ್ಟೆಂಬರಿನಲ್ಲಿ. ಬಜ್ಪೆಯಿಂದ ದುಬೈಗೆ ನೇರ ವಿಮಾನ ಬಂದದ್ದು 2006ರಲ್ಲಿ. ನಾನು ಬರುವಾಗ ಉಡುಪಿಯಿಂದ ಹೊಸ ಕೊಂಕಣ ರೈಲಿನಲ್ಲಿ ಮುಂಬಯಿಗೆ ಹೋಗಿ ಅಲ್ಲಿಂದ ಹಾರಬೇಕಿತ್ತು. ಕರೆದೊಯ್ಯಲು ಬರಬೇಕಿದ್ದ ಕಂಪೆನಿಯ ಮನುಷ್ಯ ಬರಲಿಲ್ಲ. ರಾತ್ರಿಯಲ್ಲೂ ಒಲೆಯ ಬಾಯಿಯಿಂದ ಬೀಸಿದಂತಹ ಗಾಳಿಯಲ್ಲಿ ನಾನು ನಿಲ್ದಾಣದ ಹೊರಗೆ ಮೂರು ಗಂಟೆ ಕುಳಿತಿದ್ದೆ. ಅಷ್ಟರಲ್ಲಿ ರಟ್ಟಿನ ಪೆಟ್ಟಿಗೆಯ ಮೂಲೆಯಿಂದ ಮಿಡಿ ಉಪ್ಪಿನಕಾಯಿಯ ರಸ ಒಸರತೊಡಗಿತು. ಅಮ್ಮ ಯಾವಾಗಲೂ ಬಾಟಲಿಗೆ ಹಳೆಯ ಪಂಚೆಯ ತುಂಡು ಸುತ್ತುವವರು. ಆ ದಿನ ಮಳೆಗೆ ಬಟ್ಟೆ ಒಣಗದೆ ‘ಉದಯವಾಣಿ’ಯ ಹಾಳೆ ಸುತ್ತಿದ್ದರು. ಬಾಟಲಿಯನ್ನು ಹೊರತೆಗೆದು ಒರೆಸುತ್ತಿದ್ದಾಗ, ಯಾರನ್ನೋ ಬೀಳ್ಕೊಡಲು ಬಂದು ವಿಮಾನ ತಡವಾದ್ದರಿಂದ ಅಲ್ಲೇ ಉಳಿದಿದ್ದ ಹಿರಿಯರೊಬ್ಬರು ನನ್ನ ಮುಂದೆ ನಿಂತರು. ಒದ್ದೆ ಹಾಳೆಯ ಕನ್ನಡ ಅಕ್ಷರಗಳನ್ನು ಬಗ್ಗಿ ನೋಡಿ, ತುಳುವಿನಲ್ಲಿ ‘ಊರು ಓಲು?’ ಎಂದು ಕೇಳಿದರು. ಉಳ್ಳಾಲದ ಬ್ಯಾರಿ ಸಾಹೇಬರು. ಅವರೊಂದಿಗೆ ಆರು ಮಂದಿ ಇದ್ದ ದೇರಾದ ಕೋಣೆಗೆ ನನ್ನನ್ನು ಕರೆದೊಯ್ದು ಗಂಜಿ ಬಡಿಸಿದರು, ಮರುದಿನ ಕಂಪೆನಿಯ ಬಾಗಿಲಿನವರೆಗೂ ಬಂದರು.

ಈ ಸಂಗತಿಯನ್ನು ಅಮ್ಮನಿಗೆ ಬರೆದಾಗ ‘ನಮ್ಮ ಕೃಷ್ಣ ಪಡುವಣಕ್ಕೆ ಮುಖ ಮಾಡಿ ನಿಂತವನು, ಕಡಲಾಚೆಯದು ಅವನಿಗೆ ಕಾಣದಿರುತ್ತದೆಯೇ’ ಎಂದು ಉತ್ತರ ಬಂತು. ಸಾಹೇಬರಿಗೆ ಅದನ್ನು ಓದಿ ಹೇಳಿದೆ. ಅವರು ನಕ್ಕು, ಆ ಉಪ್ಪಿನಕಾಯಿಯ ಒಂದು ಮಿಡಿ ತಮ್ಮ ಪಾಲಿಗೆ ಮೊದಲೇ ಬರೆದಿತ್ತು ಎಂದರು. ಇಬ್ಬರಲ್ಲಿ ಯಾರ ಮಾತು ಸರಿಯೆಂದು ನಾನು ಇಂದಿಗೂ ತೀರ್ಮಾನಿಸಿಲ್ಲ, ತೀರ್ಮಾನಿಸುವ ಅಗತ್ಯವೂ ಕಂಡಿಲ್ಲ.

ಆದರೆ ನಿಮಗೆ ಬರೆಯಬೇಕಾದದ್ದು ಇದಲ್ಲ. ಇಲ್ಲಿ ಮೆಟ್ರೊ ಆರಂಭವಾದ 2009ರಲ್ಲಿ ನಾನು ಬರ್ ದುಬೈಯ ದೋಣಿಕಟ್ಟೆಯಲ್ಲಿ ಆಬ್ರಾ ಎಂಬ ದೋಣಿ ಹತ್ತಲು ನಿಂತಿದ್ದೆ. ಜೊತೆಗೆ ಕಚೇರಿಯ ಗಿರಾಕಿಯೊಬ್ಬರಿದ್ದರು, ನಾನು ಕೋಟು ಧರಿಸಿದ್ದೆ. ಹೆಗಲಿಗೆ ಚೀಲ ಹಾಕಿಕೊಂಡ ಹುಡುಗನೊಬ್ಬ ಕೈಯಲ್ಲಿ ವಿಳಾಸದ ಚೀಟಿ ಹಿಡಿದು ‘ಹ್ವಾಯ್’ ಎಂದು ಕುಂದಾಪುರದ ಕನ್ನಡದಲ್ಲಿ ಕರೆದ. ನಾನು ಯಾರು ಎಂದು ಅವನಿಗೆ ಹೇಗೆ ತಿಳಿಯಿತೋ! ನಾನು ಮೊಬೈಲನ್ನು ಕಿವಿಗೆ ಹಿಡಿದು, ಮಾತನಾಡುತ್ತಿರುವವನಂತೆ ನಟಿಸಿ ದೋಣಿ ಹತ್ತಿದೆ. ನೀರಿನ ನಡುವೆ ತಿರುಗಿ ನೋಡಿದರೆ ಅವನು ಅದೇ ಚೀಟಿಯನ್ನು ಇನ್ನೊಬ್ಬರಿಗೆ ತೋರಿಸುತ್ತಿದ್ದ, ಅವರು ತಲೆಯಾಡಿಸಿ ಮುಂದೆ ಹೋದರು. ಮುಂದಿನ ಶುಕ್ರವಾರ ರಜೆಯ ದಿನ ಅದೇ ಕಟ್ಟೆಯಲ್ಲಿ ಸಂಜೆಯವರೆಗೆ ನಿಂತೆ. ಅವನು ಬರಲಿಲ್ಲ. ಸಾಹೇಬರನ್ನು ನನ್ನ ಬಳಿಗೆ ಕಳುಹಿಸಿದವನೇ ಅಂದು ನನ್ನನ್ನು ಅಲ್ಲಿ ನಿಲ್ಲಿಸಿದ್ದನೇ ಎಂಬ ಪ್ರಶ್ನೆಯನ್ನು ದೋಣಿ ಹತ್ತಿದಾಗಲೆಲ್ಲ ಕೇಳಿಕೊಳ್ಳುತ್ತೇನೆ.

ಹಾಗೆಂದು ತುಳು ಮಾತನಾಡಿದವರೆಲ್ಲ ದೇವರು ಕಳುಹಿಸಿದವರೆಂದು ನಂಬಬೇಡಿ. ಊರಿನ ಭಾಷೆಯಲ್ಲೇ ಸಾಲ ಕೇಳಿ ಮಾಯವಾದವರನ್ನೂ ನಾನು ಕಂಡಿದ್ದೇನೆ. ಪಾಸ್‌ಪೋರ್ಟ್ ನಿಮ್ಮಲ್ಲೇ ಇರಲಿ, ಕಂಪೆನಿಯವರು ಅದನ್ನು ಇಟ್ಟುಕೊಳ್ಳುವುದನ್ನು ಇಲ್ಲಿನ ಕಾನೂನು ಒಪ್ಪುವುದಿಲ್ಲ.

ಉಪ್ಪಿನಕಾಯಿ ತರುವುದಾದರೆ ದೊಡ್ಡ ಪೆಟ್ಟಿಗೆಯಲ್ಲಿಡಿ. ಬರುವ ದಿನ, ವಿಮಾನದ ಹೊತ್ತು ತಿಳಿಸಿ. ನಾನೇ ನಿಲ್ದಾಣಕ್ಕೆ ಬರುತ್ತೇನೆ. ತಡವಾದರೂ ಅಲ್ಲಿಯೇ ಇರುತ್ತೇನೆ.